ಅಮ್ಮನ ನಂತರ ಅಣ್ಣನಿಗೆ ಯಾರು: ನಮ್ಮ ಮನೆಯ ಅನುಭವ

ಇದೆಲ್ಲ ಶುರುವಾಗಿದ್ದು ಬ್ಯಾಂಕಿನಿಂದ. ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕಡಿಮೆ ಇರುವ ನಮ್ಮ ಅಣ್ಣನ ಮಾಸಾಶನ ಬರುವ ಖಾತೆ ಅಲ್ಲಿದೆ. ಎಷ್ಟೋ ವರ್ಷಗಳಿಂದ ಅಮ್ಮ ಅವನನ್ನು ಕರೆದುಕೊಂಡು ಹೋಗಿ, ಹೆಬ್ಬೆಟ್ಟು ಒತ್ತಿಸಿ, ದುಡ್ಡು ತರುತ್ತಿದ್ದಳು. ಹೊಸದಾಗಿ ಬಂದ ಮ್ಯಾನೇಜರ್ ಒಂದು ದಿನ "ಇವರಿಗೆ ಕಾನೂನು ಪ್ರಕಾರ ಪೋಷಕರು ಯಾರು?" ಎಂದು ಕೇಳಿದರು. "ನಾನೇ ಅಲ್ವಾ, ಹೆತ್ತವಳು" ಅಂದಳು ಅಮ್ಮ. "18 ವರ್ಷ ತುಂಬಿದ ಮೇಲೆ ಹಾಗೆ ನಡೆಯೋದಿಲ್ಲಮ್ಮ, ಪೋಷಕತ್ವದ ಪ್ರಮಾಣಪತ್ರ ಬೇಕು" ಅಂದರಂತೆ ಅವರು.

ಅಣ್ಣನಿಗೆ 46 ವರ್ಷ. ಅಮ್ಮನಿಗೆ 74. ಇಪ್ಪತ್ತೆಂಟು ವರ್ಷದಿಂದ ಅಮ್ಮ ಅವನಿಗೆ ಕಾನೂನಿನ ಲೆಕ್ಕದಲ್ಲಿ ಪೋಷಕಿಯೇ ಆಗಿರಲಿಲ್ಲ ಅನ್ನೋದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ನಮ್ಮಂಥ ಮನೆಗಳು ಮಲೆನಾಡಿನ ತುಂಬ ಇವೆ. ಅದಕ್ಕೇ ನಾವು ನಡೆದು ಬಂದ ದಾರಿಯನ್ನು ಬರೆದಿಡುತ್ತಿದ್ದೇನೆ.

ನಮ್ಮ ಮನೆ ಇರೋದು ಹೊಸನಗರ ತಾಲ್ಲೂಕಿನಲ್ಲಿ, ನಗರ ಅನ್ನುವ ಊರಿನ ಕಡೆ. ಕೆಳಗೆ ಒಂದೂವರೆ ಎಕರೆ ಅಡಿಕೆ ತೋಟ, ಹಿಂದೆ ಗುಡ್ಡ. ಪಕ್ಕದ ಮನೆ ಅಂತ ನಾವು ಕರೆಯುವ ಮನೆಗೂ ಹಳ್ಳ ದಾಟಿ ಹತ್ತು ನಿಮಿಷ ನಡೆಯಬೇಕು. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಇರೋದು ಅಮ್ಮ ಮತ್ತು ಅಣ್ಣ ಇಬ್ಬರೇ. ನಾನು ಮದುವೆಯಾಗಿ ಶಿವಮೊಗ್ಗದಲ್ಲಿದ್ದೇನೆ. ತಮ್ಮ ಬೆಂಗಳೂರಿನಲ್ಲಿ. ನಮ್ಮೂರಿನ ಹೆಚ್ಚಿನ ಮನೆಗಳ ಕತೆಯೂ ಇದೇ. ಮಕ್ಕಳು ಓದಿ ಪೇಟೆ ಸೇರಿದ್ದಾರೆ, ತೋಟ ನೋಡಿಕೊಳ್ಳೋದು ಅರವತ್ತು, ಎಪ್ಪತ್ತು ದಾಟಿದವರು.

ಅಣ್ಣನಿಗೆ ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕಡಿಮೆ. ಚಿಕ್ಕಂದಿನಿಂದ ಫಿಟ್ಸ್ ಕೂಡ ಇದೆ, ಮಾತ್ರೆ ತಪ್ಪಿಸುವಂತಿಲ್ಲ. ಆದರೆ ತೋಟದಲ್ಲಿ ಯಾವ ಮರದ ಹಾಳೆ ಬಿದ್ದಿದೆ, ಯಾವ ಹಸು ಇನ್ನೂ ಮನೆಗೆ ಬಂದಿಲ್ಲ ಅನ್ನೋದು ನಮ್ಮೆಲ್ಲರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ದುಡ್ಡಿನ ಲೆಕ್ಕ ಬರುವುದಿಲ್ಲ. ಗಡಿಯಾರ ನೋಡಲು ಬರುವುದಿಲ್ಲ. ಹೊಸಬರನ್ನು ಕಂಡರೆ ಕೊಟ್ಟಿಗೆ ಸೇರಿಕೊಳ್ಳುತ್ತಾನೆ.

ಬ್ಯಾಂಕಿನವರ ಮಾತು ಕೇಳಿ ನಾನು ಮೊದಲು ಹೋಗಿದ್ದು ನಮ್ಮ ಗ್ರಾಮ ಪಂಚಾಯಿತಿಗೆ. ಅಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಒಬ್ಬರಿರುತ್ತಾರೆ. ಜನ ವಿಆರ್‌ಡಬ್ಲ್ಯೂ ಅನ್ನುತ್ತಾರೆ. ಅವರ ಮೇಲೆ ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ. ಈ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ನಮ್ಮ ಪಂಚಾಯಿತಿಯವರಿಗೆ ಪೋಲಿಯೋದಿಂದ ಒಂದು ಕಾಲಿಗೆ ಬಲವಿಲ್ಲ. ಮೂರು ಚಕ್ರದ ಸ್ಕೂಟರಿನಲ್ಲಿ ಆ ಮಣ್ಣುರಸ್ತೆಯಲ್ಲೇ ಮನೆಮನೆಗೆ ಹೋಗುತ್ತಾರೆ. ಅವರಿಗೆ ಸಿಗುವ ಗೌರವಧನ ನೋಡಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಮಾಡುವ ಕೆಲಸ ಮಾತ್ರ ಅಷ್ಟಿಷ್ಟಲ್ಲ. ನಿಮ್ಮ ಮನೆಯಲ್ಲಿ ಇಂಥ ಸಂದರ್ಭ ಇದ್ದರೆ ಬೇರೆಲ್ಲೂ ಓಡಾಡಬೇಡಿ, ಮೊದಲು ಇವರನ್ನು ಹುಡುಕಿ.

ಅವರು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಮೊದಲು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಕಾರ್ಡು. ಅಣ್ಣನ ಹತ್ತಿರ ಹಳೆಯ ಕಾಲದ ಒಂದು ಪ್ರಮಾಣಪತ್ರ ಇತ್ತು, ಮಡಿಕೆ ಬಿದ್ದಲ್ಲೆಲ್ಲ ಹರಿದುಹೋಗಿತ್ತು. ಈಗ ಅದು ಸಾಲುವುದಿಲ್ಲ. ದೇಶಕ್ಕೆಲ್ಲ ಒಂದೇ ಗುರುತಿನ ಕಾರ್ಡು ಬೇಕು. ಆಮೇಲೆ ನಿರಾಮಯ ಆರೋಗ್ಯ ವಿಮೆ. ಅದರ ಜೊತೆಗೆ ಪೋಷಕತ್ವದ ಅರ್ಜಿ.

ಈ ಪೋಷಕತ್ವ ಬರೋದು ರಾಷ್ಟ್ರೀಯ ನ್ಯಾಸ ಕಾಯ್ದೆಯ ಕೆಳಗೆ. ನ್ಯಾಷನಲ್ ಟ್ರಸ್ಟ್ ಆಕ್ಟ್ ಅಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. 1999ರ ಕಾಯ್ದೆ ಇದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ, ಈ ನಾಲ್ಕು ಬಗೆಯವರಿಗೆ ಮಾತ್ರ ಇದು ಅನ್ವಯಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದರೂ ಜಿಲ್ಲಾ ಸಮಿತಿಯ ಮೂಲಕ ಪೋಷಕರನ್ನು ನೇಮಿಸುವ ಈ ಸುಲಭದ ದಾರಿ ಎಲ್ಲರಿಗೂ ಇಲ್ಲ. ಮರೆವಿನ ಕಾಯಿಲೆ ಬಂದ ಅಪ್ಪ ಅಮ್ಮಂದಿರ ಮಕ್ಕಳು ಈ ಸಮಿತಿಗೆ ಹೋಗುವಂತಿಲ್ಲ, ಕೋರ್ಟಿಗೇ ಹೋಗಬೇಕು. ವಯಸ್ಸಾದವರೇ ತುಂಬಿರುವ ನಮ್ಮಂಥ ಊರುಗಳಿಗೆ ಇದು ದೊಡ್ಡ ಕೊರತೆ ಅಂತ ನನಗನ್ನಿಸುತ್ತದೆ.

ಯುಡಿಐಡಿ ಅರ್ಜಿಯನ್ನು ವಿಆರ್‌ಡಬ್ಲ್ಯೂ ಅವರೇ ಆನ್‌ಲೈನಿನಲ್ಲಿ ಹಾಕಿದರು. ಆಧಾರ್, ಫೋಟೋ, ಹಳೆಯ ಪ್ರಮಾಣಪತ್ರ ಸಾಕಾಯಿತು. ಕಷ್ಟವಾಗಿದ್ದು ಪರೀಕ್ಷೆಗೆ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ಅಣ್ಣ ಹೊಸನಗರ ದಾಟಿ ಬಂದು ವರ್ಷಗಳೇ ಆಗಿದ್ದವು. ಬಸ್ಸಿನ ಮೆಟ್ಟಿಲು ಎತ್ತರ, ಅಮ್ಮನಿಗೆ ಮಂಡಿ ನೋವು. ರಿಪ್ಪನ್‌ಪೇಟೆ ಬರುವ ಹೊತ್ತಿಗೆ ಅವನಿಗೆ ಗಾಬರಿ ಶುರುವಾಗಿ ಇಳಿಯುತ್ತೇನೆ ಅಂತ ಎದ್ದು ನಿಂತ. ಹಿಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ಹಿರಿಯರು "ಬಾ ತಮ್ಮಾ, ಕಿಟಕಿ ಹತ್ರ ಕೂತ್ಕೋ" ಅಂತ ತಮ್ಮ ಜಾಗ ಬಿಟ್ಟುಕೊಟ್ಟು, ಆಯನೂರು ಬರುವವರೆಗೂ ಅವನ ಜೊತೆ ದನದ ವಿಷಯ ಮಾತಾಡಿದರು. ಅವರು ಯಾರೋ, ಎಲ್ಲಿಯವರೋ ನಮಗೆ ಗೊತ್ತಿಲ್ಲ.

ಬೌದ್ಧಿಕ ಅಂಗವೈಕಲ್ಯದ ಪರೀಕ್ಷೆ ಕಣ್ಣು, ಕಾಲಿನ ಪರೀಕ್ಷೆಯ ಹಾಗಲ್ಲ, ತುಂಬ ಹೊತ್ತು ಹಿಡಿಯುತ್ತದೆ. ಮನಶ್ಶಾಸ್ತ್ರಜ್ಞರು ಅವನ ಕೈಲಿ ಚಿತ್ರ ಗುರುತು ಹಿಡಿಸಿದರು, ಬಣ್ಣ ಕೇಳಿದರು, ಅಂಕಿ ಕೇಳಿದರು. ಆಮೇಲೆ ಅಮ್ಮನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ತಾನೇ ಸ್ನಾನ ಮಾಡುತ್ತಾನಾ? ಗುಂಡಿ ಹಾಕಿಕೊಳ್ಳುತ್ತಾನಾ? ಒಬ್ಬನೇ ಅಂಗಡಿಗೆ ಹೋಗಿ ಸಾಮಾನು ತರುತ್ತಾನಾ? ದುಡ್ಡು ಎಣಿಸುತ್ತಾನಾ? ಅಮ್ಮ ಮೊದಲಿಗೆ ಎಲ್ಲದಕ್ಕೂ "ಮಾಡ್ತಾನೆ, ಮಾಡ್ತಾನೆ" ಅನ್ನುತ್ತಿದ್ದಳು. ಮಗನಿಗೆ ಬರುವುದಿಲ್ಲ ಅಂತ ಹೊರಗಿನವರ ಮುಂದೆ ಹೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಆ ಮನಶ್ಶಾಸ್ತ್ರಜ್ಞೆ ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು: "ಅಮ್ಮ, ನೀವು ಸಹಾಯ ಮಾಡದಿದ್ದರೆ ಮಾಡ್ತಾನಾ ಅಂತ ಯೋಚನೆ ಮಾಡಿ ಹೇಳಿ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದೊಂದಾಗಿ ನಿಜ ಹೇಳಿದಳು. ಬಚ್ಚಲಿಗೆ ನೀರು ಹದ ಮಾಡಿಡುವುದು ತಾನು, ಅಂಗಿ ತಿರುಗುಮುರುಗಾಗದಂತೆ ಕೊಡುವುದು ತಾನು, ಮಾತ್ರೆ ಬಾಯಿಗೆ ಹಾಕುವುದು ತಾನು. ಪಕ್ಕದಲ್ಲಿ ಕೂತ ನನಗೆ ಆಗ ಅರ್ಥವಾಯಿತು. ಅಮ್ಮ ಮಾಡುವ ಕೆಲಸದ ಉದ್ದ ಅಗಲ ಅವಳ ಮಕ್ಕಳಾದ ನಮಗೂ ಗೊತ್ತಿರಲಿಲ್ಲ.

ಇಂಥ ಪರೀಕ್ಷೆಗೆ ಹೋಗುವವರಿಗೆ ಒಂದು ಮಾತು. ಪ್ರೀತಿಯಿಂದ ಹೆಚ್ಚು ಹೇಳಬೇಡಿ, ಭಯದಿಂದ ಕಡಿಮೆಯೂ ಹೇಳಬೇಡಿ. ಆ ಉತ್ತರಗಳ ಮೇಲೆ ಶೇಕಡಾವಾರು ನಿರ್ಧಾರವಾಗುತ್ತದೆ. ಬೌದ್ಧಿಕ ಅಂಗವೈಕಲ್ಯದಲ್ಲಿ ಸೌಮ್ಯ ಅಂದರೆ ಶೇ. 50, ಮಧ್ಯಮ ಅಂದರೆ 75, ತೀವ್ರ ಅಂದರೆ 90, ಅತಿ ತೀವ್ರ ಅಂದರೆ 100 ಅಂತ ಬರೆಯುತ್ತಾರೆ. ಅಣ್ಣನದು 75 ಬಂತು. ಕಾರ್ಡು ಅಂಚೆಯಲ್ಲಿ ಮನೆಗೇ ಬಂತು, ಹಳದಿ ಬಣ್ಣದ್ದು. 40ರಿಂದ 80ರ ಒಳಗಿನವರಿಗೆ ಹಳದಿ, 80 ಮತ್ತು ಅದರ ಮೇಲಿನವರಿಗೆ ನೀಲಿ.

ನಿರಾಮಯದ ಕೆಲಸ ಬೇಗ ಮುಗಿಯಿತು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಕೊಡುತ್ತದೆ. ಸೇರಿಸುವ ಮೊದಲು ಆರೋಗ್ಯ ತಪಾಸಣೆ ಕೇಳುವುದಿಲ್ಲ, ಫಿಟ್ಸ್ ಇದೆ ಅಂತ ಹೊರಗಿಡುವುದಿಲ್ಲ. ನೋಂದಣಿಗೆ ಬಿಪಿಎಲ್ ಕುಟುಂಬದವರಿಗೆ 250 ರೂಪಾಯಿ, ಉಳಿದವರಿಗೆ 500. ವರ್ಷ ವರ್ಷ ಮರೆಯದೆ ನವೀಕರಿಸಬೇಕು ಅಷ್ಟೇ.

ಪೋಷಕತ್ವದ ವಿಷಯಕ್ಕೆ ಬಂದಾಗ ಮಾತ್ರ ಮನೆಯೊಳಗೇ ಬಿಸಿ ಏರಿತು.

ಕಾಯ್ದೆಯ ಪ್ರಕಾರ ಅಪ್ಪ ಅಥವಾ ಅಮ್ಮ ಅರ್ಜಿ ಹಾಕಿ ತಮಗೆ ಬೇಕಾದವರನ್ನು ಪೋಷಕರನ್ನಾಗಿ ಸೂಚಿಸಬಹುದು. ತಾವೇ ಆಗಬೇಕು ಅಂತಿಲ್ಲ. ಅಮ್ಮ "ನನ್ನ ಹೆಸರು ಬರೆಸಿ ಏನು ಪ್ರಯೋಜನ, ನಾನು ಇನ್ನೆಷ್ಟು ವರ್ಷ? ನಿನ್ನ ಹೆಸರೇ ಇರಲಿ" ಅಂದಳು. ತಮ್ಮ ಒಪ್ಪಿದ. ಆದರೆ ಜಮೀನು ಅಪ್ಪನ ನಂತರ ಜಂಟಿ ಖಾತೆಯಾಗಿತ್ತು. ಅದರಲ್ಲಿ ಅಣ್ಣನ ಹೆಸರೂ ಇದೆ. ದಾಯಾದಿಗಳಲ್ಲಿ ಮಾತು ಶುರುವಾಯಿತು. ಕೊಟ್ಟ ಹೆಣ್ಣುಮಗಳಿಗೆ ಯಾಕೆ ಇದು? ಅವನ ಪಾಲು ಹೊಡೆಯುವ ಉಪಾಯ ಇರಬಹುದು. ಹಬ್ಬಕ್ಕೆ ಹೋದಾಗ ಚಿಕ್ಕಪ್ಪ ನನ್ನ ಮುಖಕ್ಕೇ ಹೇಳಿದರು.

ನನಗೆ ಅಳು ಬಂದಿದ್ದು ನಿಜ. ಆದರೂ ಕೂತು ಕಾಯ್ದೆಯಲ್ಲಿ ಏನಿದೆ ಅಂತ ಅವರಿಗೆ ಓದಿ ಹೇಳಿದೆ. ಪೋಷಕರಾಗಿ ನೇಮಕವಾದವರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿ, ಹಣ, ಬರಬೇಕಾದ್ದು, ಕೊಡಬೇಕಾದ್ದು ಎಲ್ಲದರ ಪಟ್ಟಿ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಪೋಷಕರು ಅವನನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ, ಆಸ್ತಿ ದುರುಪಯೋಗ ಮಾಡಿದರೆ, ಸಂಬಂಧಿಕರಲ್ಲಿ ಯಾರು ಬೇಕಾದರೂ ಸಮಿತಿಗೆ ಅರ್ಜಿ ಕೊಟ್ಟು ತೆಗೆಸಬಹುದು. "ನಾನು ಅಣ್ಣನ ದುಡ್ಡು ಮುಟ್ಟಿದರೆ ಚಿಕ್ಕಪ್ಪ, ನೀವೇ ಅರ್ಜಿ ಹಾಕಿ" ಅಂದೆ. ಚಿಕ್ಕಪ್ಪ ಏನೂ ಹೇಳಲಿಲ್ಲ. ಆದರೆ ಸಾಕ್ಷಿ ಸಹಿ ಬೇಕಾದಾಗ ತಾವಾಗಿಯೇ ಬಂದರು. ಮನೆಮಂದಿಯ ಅನುಮಾನವನ್ನು ಮುಚ್ಚಿಡುವುದಕ್ಕಿಂತ ಹೀಗೆ ಎದುರಿಗಿಟ್ಟುಕೊಂಡು ಮಾತಾಡುವುದು ಒಳ್ಳೆಯದು ಅಂತ ನಾನು ಈಗಲೂ ನಂಬುತ್ತೇನೆ.

ಅರ್ಜಿ ಹಾಕಿ ಸಮಿತಿಯ ಸಭೆಗೆ ಕಾಯುತ್ತಿದ್ದೆವು. ಆ ನಡುವೆ ಆಷಾಢದ ಮಳೆಯಲ್ಲಿ ಅಮ್ಮ ಬಿದ್ದಳು.

ನಮ್ಮ ಕಡೆ ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿ ಕಾಲಿಡಲು ಆಗುವುದಿಲ್ಲ. ಓಡಾಡಲು ಅಡಿಕೆ ಮರ ಸೀಳಿದ ದಬ್ಬೆ ಹಾಸಿರುತ್ತೇವೆ. ಕೊಟ್ಟಿಗೆಯಲ್ಲಿ ಕರು ಕೂಗಿತು ಅಂತ ದಬ್ಬೆ ಬಿಟ್ಟು ಅಡ್ಡ ಹೆಜ್ಜೆ ಇಟ್ಟಿದ್ದಾಳೆ. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿಯಿತು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಅಣ್ಣ ಮಾಡಿದ ಕೆಲಸವನ್ನು ಹೇಳಲೇಬೇಕು. ಮಳೆಯಲ್ಲೇ ಓಡಿ, ಹಳ್ಳದ ಸಂಕ (ಕಾಲುಸೇತುವೆ) ದಾಟಿ, ಪಕ್ಕದ ಮೇಲಿನಮನೆ ಅಕ್ಕನ ಕೈ ಹಿಡಿದು ಎಳೆದುಕೊಂಡು ಬಂದ. ಏನಾಯಿತು ಅಂತ ಹೇಳಲು ಅವನಿಗೆ ಬರಲಿಲ್ಲ. ಎಳೆದುಕೊಂಡು ಬಂದದ್ದೇ ಸಾಕಾಯಿತು. ಮೇಲಿನಮನೆ ಭಾವ ಜೀಪು ತಂದರು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು.

ಈಗ ಪ್ರಶ್ನೆ ಅಣ್ಣನದು. ನಮ್ಮ ಮನೆಗೆ ಕರೆತಂದೆ. ಬಾಡಿಗೆ ಮನೆ, ಎರಡನೇ ಮಹಡಿ. ಅವನು ಊಟ ಬಿಟ್ಟ. ರಾತ್ರಿಯಿಡೀ ಬಾಗಿಲ ಹತ್ತಿರ ಕೂತ. ಫಿಟ್ಸ್ ಕೂಡ ಬಂತು. ಅವನನ್ನು ವಾಪಸ್ ಊರಿಗೇ ಕರೆದುಕೊಂಡು ಹೋಗಬೇಕಾಯಿತು. ಮನೆಯಲ್ಲಿ ನೋಡಿಕೊಳ್ಳಲು ಏಜೆನ್ಸಿಯೊಂದರಿಂದ ಒಬ್ಬರನ್ನು ಗೊತ್ತು ಮಾಡಿದೆವು. ಮಳೆ ಜೋರಾದ ಕೂಡಲೇ ಅವರು ಹೊರಟುಬಿಟ್ಟರು. ಅವರನ್ನು ದೂರಲಾರೆ. ಕಾಡಿನ ನಡುವಿನ ಒಂಟಿ ಮನೆ, ಫೋನ್ ಇಲ್ಲ, ಗುರುತಿಲ್ಲದ ಜಾಗ. ಅವರಾದರೂ ಹೇಗಿರುತ್ತಾರೆ?

ಹಾದಿ ತೋರಿಸಿದ್ದು ಮೇಲಿನಮನೆ ಅಕ್ಕ. ನಮ್ಮೂರಿನಲ್ಲಿ ಮುಯ್ಯಾಳು ಪದ್ಧತಿ ಇನ್ನೂ ಸ್ವಲ್ಪ ಉಳಿದಿದೆ. ನಿಮ್ಮ ಗದ್ದೆ ನಾಟಿಗೆ ನಾವು ಬರುತ್ತೇವೆ, ನಮ್ಮ ನಾಟಿಗೆ ನೀವು ಬನ್ನಿ. ಕೂಲಿಯ ಲೆಕ್ಕ ಇಲ್ಲ, ಆಳಿಗೆ ಆಳು. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಅಕ್ಕ ಎದ್ದು "ನಾಟಿಗೆ ಮುಯ್ಯಾಳು ಮಾಡ್ತೀವಲ್ಲ, ಇದಕ್ಕೂ ಯಾಕೆ ಮಾಡಬಾರದು?" ಅಂದರಂತೆ. ಆ ವಾರದಿಂದಲೇ ಪಾಳಿ ಶುರುವಾಯಿತು. ಬೆಳಿಗ್ಗೆ ಒಂದು ಮನೆಯವರು ಬಂದು ತಿಂಡಿ ಮಾತ್ರೆ ನೋಡುವುದು, ಮಧ್ಯಾಹ್ನ ಇನ್ನೊಂದು ಮನೆಯವರು, ರಾತ್ರಿ ಮಲಗಲು ಮೇಲಿನಮನೆ ಭಾವ.

ಅಮ್ಮ ಆಸ್ಪತ್ರೆಯಿಂದ ಬಂದ ಮೇಲೂ ಇದು ಮುಂದುವರಿಯಬೇಕಿತ್ತು. ವಾಕರ್ ಹಿಡಿದು ನಡೆಯುವವಳು ಇನ್ನೊಬ್ಬರನ್ನು ಹೇಗೆ ನೋಡಿಕೊಳ್ಳುತ್ತಾಳೆ? ಆದರೆ ಅಮ್ಮನೇ ಬೇಡ ಅಂದಳು. "ಇಷ್ಟು ದಿನ ಮಾಡಿದ್ದೇ ಜಾಸ್ತಿ. ಈ ಋಣ ನಾನು ಯಾವಾಗ ತೀರಿಸಲಿ? ಮುಯ್ಯಿ ತೀರಿಸೋಕೆ ನಮ್ಮನೆಯಲ್ಲಿ ಆಳೆಲ್ಲಿದೆ?" ಅಂತ ಹಟ ಹಿಡಿದಳು. ಯಾರಾದರೂ ಬಂದರೆ ಮುಖ ತಿರುಗಿಸುತ್ತಿದ್ದಳು. ಅವಳ ನೋವು ಇದ್ದದ್ದು ಅಲ್ಲಿ. ಊರಿನ ಕೊಡುಕೊಳ್ಳುವ ಲೆಕ್ಕದಲ್ಲಿ ಅವಳೂ ಅವಳ ಮಗನೂ ತೆಗೆದುಕೊಳ್ಳುವವರು ಮಾತ್ರ ಆಗಿಬಿಟ್ಟಿದ್ದರು.

ಇದನ್ನು ಬಿಡಿಸಿದವಳೂ ಅಕ್ಕನೇ. "ನಿಮ್ಮನೆಯಲ್ಲಿ ಆಳಿಲ್ಲ ಅಂದವರ್ಯಾರು ಅತ್ತೆ? ಕೊನೆಕೊಯ್ಲಿಗೆ ನಿಮ್ಮ ಮಗನ್ನ ಕಳಿಸಿ" ಅಂದಳು. ಕೊನೆಕೊಯ್ಲು ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ಎಲ್ಲರಿಗೂ ಆಶ್ಚರ್ಯ. ಅಣ್ಣನ ಕೈಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಕೊಡುವ ಹಾಗಿಲ್ಲ. ಆದರೆ ಗೊನೆಯಿಂದ ಅಡಿಕೆ ಉದುರಿಸುವುದು, ಸುಲಿದ ಅಡಿಕೆ ಹೊತ್ತು ತರುವುದು, ಸಿಪ್ಪೆ ಹೊರಗೆ ಹಾಕುವುದು, ಇದೆಲ್ಲ ಅವನಿಗೆ ಬರುತ್ತದೆ. ಸುಲಿತದ ಕಾಲದಲ್ಲಿ ಆಳು ಸಿಗದೆ ಎಲ್ಲ ಮನೆಯವರೂ ಪರದಾಡುತ್ತಾರೆ. ಅವನು ಈಗ ಪಾಳಿಯಲ್ಲಿರುವ ಮನೆಗಳಿಗೆಲ್ಲ ಹೋಗುತ್ತಾನೆ. ಅವನ ಜೊತೆ ಯಾರಾದರೂ ಇದ್ದೇ ಇರುತ್ತಾರೆ. ಮರ ಹತ್ತಿಸುವುದಿಲ್ಲ, ಬೇಯಿಸುವ ಹಂಡೆಯ ಹತ್ತಿರ ಬಿಡುವುದಿಲ್ಲ. ಬಿದ್ದ ಹಾಳೆ ಆರಿಸಿ ಒಟ್ಟುಮಾಡಿ ಹಾಳೆತಟ್ಟೆ ಮಾಡುವವರಿಗೆ ಕೊಡುತ್ತಾನೆ, ಅದರ ದುಡ್ಡು ಅವನ ಖಾತೆಗೆ ಹೋಗುತ್ತದೆ. ಅಮ್ಮನ ಪಾಲಿನ ಮುಯ್ಯಿ ಬೇರೆ. ಹಳ್ಳದಾಚೆ ಮನೆಯವರ ಚಿಕ್ಕ ಮಗು ಮಧ್ಯಾಹ್ನ ಅಮ್ಮನ ಹತ್ತಿರ ಇರುತ್ತದೆ. ಅದರ ತಾಯಿ ಆ ಹೊತ್ತಿನಲ್ಲಿ ತೋಟದ ಕೆಲಸ ಮುಗಿಸುತ್ತಾಳೆ. ಅಮ್ಮನಿಗೆ ಎದ್ದು ಓಡಾಡಲು ಕಷ್ಟ, ಆದರೆ ಕೂತಲ್ಲೇ ಕತೆ ಹೇಳಿ ಮಗುವನ್ನು ಹಿಡಿದಿಡಬಲ್ಲಳು.

ಅವತ್ತಿನಿಂದ ಅಮ್ಮ ಯಾರು ಬಂದರೂ ಮುಖ ತಿರುಗಿಸಿಲ್ಲ.

ನನಗೆ ಈ ಇಡೀ ಅನುಭವದಲ್ಲಿ ಬಹಳ ಮುಖ್ಯ ಅನ್ನಿಸಿದ್ದು ಇದು. ನೆರೆಹೊರೆಯವರು ಕರುಣೆಯಿಂದ ಒಂದು ತಿಂಗಳು ಮಾಡುತ್ತಾರೆ. ವರ್ಷಗಟ್ಟಲೆ ನಡೆಯಬೇಕಾದರೆ ಆ ಮನೆಯವರಿಗೂ ಕೊಡಲು ಏನೋ ಇದೆ ಅಂತ ಊರು ಗುರುತಿಸಬೇಕು. ಅಣ್ಣನ 75ರ ಪ್ರಮಾಣಪತ್ರ ಅವನಿಗೆ ಏನು ಬರುವುದಿಲ್ಲ ಅಂತ ಹೇಳುತ್ತದೆ. ಅದು ಬೇಕು, ಅದಿಲ್ಲದೆ ಯಾವ ಸೌಲಭ್ಯವೂ ಇಲ್ಲ. ಆದರೆ ಅವನಿಗೆ ಏನು ಬರುತ್ತದೆ ಅನ್ನೋದನ್ನು ನೋಡಿದ್ದು ಊರಿನವರು.

ಪಾಳಿಯವರಿಗಾಗಿ ಅಡುಗೆಮನೆ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಎದ್ದ ಕೂಡಲೇ ಕಾಫಿ, ಆಮೇಲೆ ಮಾತು. ಹಿಂದಿನಿಂದ ಬಂದು ಮೈ ಮುಟ್ಟಬಾರದು. ಗುಡುಗು ಬಂದರೆ ಕೊಟ್ಟಿಗೆಗೆ ಹೋಗುತ್ತಾನೆ, ಹೋಗಲಿ ಬಿಡಿ. ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಆಶಾ ಕಾರ್ಯಕರ್ತೆ ಬಂದು ಎಲ್ಲರಿಗೂ ತೋರಿಸಿಕೊಟ್ಟರು. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಬೇಕು, ತಲೆಯ ಕೆಳಗೆ ಮೆತ್ತನೆಯದು ಏನಾದರೂ ಇಡಬೇಕು, ಬಿಗಿಯಾಗಿ ಹಿಡಿದುಕೊಳ್ಳಬಾರದು, ಬಾಯಿಗೆ ಏನೂ ಹಾಕಬಾರದು. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಆಸ್ಪತ್ರೆ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಮ್ಮೂರಿನಲ್ಲಿ ಈಗ ನಿಂತಿದೆ. ಮಳೆಗಾಲಕ್ಕೆ ಮುಂಚೆ ಒಂದು ತಿಂಗಳಿನ ಮಾತ್ರೆ ಹೆಚ್ಚಿಗೆ ತಂದಿಡುತ್ತೇವೆ, ರಸ್ತೆ ಯಾವಾಗ ಕುಸಿಯುತ್ತದೋ ಹೇಳಲಾಗದು.

ತಮ್ಮ ಬೆಂಗಳೂರಿನಿಂದ ದುಡ್ಡು ಕಳಿಸುತ್ತಾನೆ. ಜೊತೆಗೆ ಮನೆಗೆ ಲ್ಯಾಂಡ್‌ಲೈನ್ ಹಾಕಿಸಿದ್ದಾನೆ. ದಿನಾ ಸಂಜೆ ಫೋನ್ ಮಾಡಿ ಅಣ್ಣನ ಹತ್ತಿರ ದನ ಎಲ್ಲ ಬಂದವಾ ಅಂತ ಕೇಳುವುದು ಅವನ ಪಾಳಿ. ದೂರ ಇರುವವರಿಗೂ ಹೀಗೆ ಒಂದು ಗೊತ್ತಾದ ಕೆಲಸ ವಹಿಸಬೇಕು. "ಏನಾದ್ರೂ ಬೇಕಾದ್ರೆ ಹೇಳು" ಅನ್ನುವ ಮಾತಿನಿಂದ ಯಾರಿಗೂ ಸಹಾಯವಾಗುವುದಿಲ್ಲ.

ಪಂಚಾಯಿತಿಯ ಸಹಾಯವೂ ಸಿಕ್ಕಿತು. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಆದಾಯದಲ್ಲಿ ಶೇ. 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ವಿಆರ್‌ಡಬ್ಲ್ಯೂ ಗ್ರಾಮಸಭೆಯಲ್ಲಿ ನಮ್ಮ ಅರ್ಜಿ ಓದಿದರು. ಬಚ್ಚಲಿಗೆ ಹೋಗುವ ದಾರಿಗೆ ಹಿಡಿಕೆ ಕಂಬಿ, ಕೂರುವ ಕಮೋಡ್ ಆ ದುಡ್ಡಿನಲ್ಲಿ ಆಯಿತು. ಅಣ್ಣನ ಹೆಸರಿನಲ್ಲಿ ಬಂದರೂ ಅಮ್ಮನಿಗೇ ಅದರ ಉಪಯೋಗ ಜಾಸ್ತಿ. ಅಮ್ಮನಿಗೆ ಹಿರಿಯರ ಮಾಸಾಶನವಾದ ಸಂಧ್ಯಾ ಸುರಕ್ಷಾದಿಂದ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಮನೆಯಲ್ಲಿ ಹೆಚ್ಚು ಕಷ್ಟವಿರುವ, ನೋಡಿಕೊಳ್ಳುವವರಿಲ್ಲದ ಹಿರಿಯರಿಗಾಗಿ ದೇಶಾದ್ಯಂತ 14567 ಸಹಾಯವಾಣಿ ಇದೆ. ಮಕ್ಕಳೇ ಕೈಬಿಟ್ಟವರು ಹಿರಿಯ ನಾಗರಿಕರ 2007ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಯ ಹತ್ತಿರ ಜೀವನಾಂಶ ಕೇಳಬಹುದು. ನಮ್ಮ ತಾಲ್ಲೂಕಿನವರಿಗೆ ಆ ಕಚೇರಿ ಸಾಗರದಲ್ಲಿದೆ.

ಸಮಿತಿಯ ಸಭೆಗೆ ಕರೆ ಬರುವ ಹೊತ್ತಿಗೆ ಅಮ್ಮ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಳು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಭೆ. ಈ ಸಮಿತಿಯಲ್ಲಿ ಜಿಲ್ಲಾಡಳಿತದ ಅಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ, ಜೊತೆಗೆ ಅಂಗವೈಕಲ್ಯ ಇರುವ ಒಬ್ಬರು ಇರುತ್ತಾರೆ. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ನಿಯಮ. ಕಾಗದ ನೋಡಿದರು, ಅಮ್ಮನನ್ನು ಕೇಳಿದರು, ತಮ್ಮನ ಒಪ್ಪಿಗೆ ಪತ್ರ ನೋಡಿದರು. ಅಷ್ಟರಲ್ಲಿ ಸಮಿತಿಯಲ್ಲಿದ್ದ, ಗಾಲಿಕುರ್ಚಿಯಲ್ಲಿ ಕೂತಿದ್ದ ಸದಸ್ಯರು "ಅವರನ್ನೂ ಕೇಳೋಣ" ಅಂದು ಅಣ್ಣನ ಕಡೆ ತಿರುಗಿದರು. "ನೀವು ಯಾರ ಜೊತೆ ಇರ್ತೀರಿ?" ಅಣ್ಣ ಹೊಸಬರ ಮುಂದೆ ಬಾಯಿ ಬಿಡುವವನಲ್ಲ. ಅವತ್ತು ಬಿಟ್ಟ. "ಮನೇಲಿ. ದನ ಇದೆ. ಅಕ್ಕ ಬರ್ತಾಳೆ."

ಅಕ್ಕ ಅಂದರೆ ಮೇಲಿನಮನೆ ಅಕ್ಕ. ನಾನಲ್ಲ, ನಾನು ಅವನ ತಂಗಿ. ಅಧಿಕಾರಿ ನನ್ನನ್ನು ನೋಡಿ "ನೀವು ಶಿವಮೊಗ್ಗದಲ್ಲಿರೋದು, ಅವರು ಅಲ್ಲಿ. ಹೇಗೆ ನೋಡಿಕೊಳ್ತೀರಿ?" ಅಂತ ಕೇಳಿದರು. ನಾನು ಪಾಳಿಯ ವಿಷಯ ಹೇಳಿದೆ. ಗೋಡೆಯ ಹಾಳೆಯ ಫೋಟೋ ತೋರಿಸಿದೆ. ಜೊತೆಗೆ ಬಂದಿದ್ದ ವಿಆರ್‌ಡಬ್ಲ್ಯೂ ಹೌದು ಅಂತ ದೃಢಪಡಿಸಿದರು. ಅವತ್ತೇ ಒಪ್ಪಿದರು. ಆಮೇಲೆ ಪ್ರಮಾಣಪತ್ರ ಕೈಗೆ ಬಂತು. ಅದರ ಪ್ರತಿ ಬ್ಯಾಂಕಿಗೆ ಕೊಟ್ಟೆವು, ಖಾತೆ ಮತ್ತೆ ನಡೆಯಿತು. ಅಣ್ಣನ ಪಾಲಿನ ಅಡಿಕೆಯ ಹಣ ಆ ಖಾತೆಗೇ ಹೋಗುತ್ತದೆ. ಆಸ್ತಿ ಪಟ್ಟಿಯ ಒಂದು ಪ್ರತಿಯನ್ನು ಚಿಕ್ಕಪ್ಪನಿಗೂ ಕೊಟ್ಟಿದ್ದೇನೆ.

ಪೋಷಕಿ ಅಂತ ನನ್ನ ಹೆಸರು ಬಂದ ಮೇಲೆ ನನ್ನ ಕೆಲಸ ಏನು ಅನ್ನೋದು ನನಗೆ ಸ್ಪಷ್ಟವಾಗಿದೆ. ಅವನನ್ನು ನನ್ನ ಮನೆಗೆ ತಂದಿಟ್ಟುಕೊಳ್ಳುವುದಲ್ಲ, ಅವನು ಅವನ ಮನೆಯಲ್ಲೇ ಇರುವ ಹಾಗೆ ನೋಡಿಕೊಳ್ಳುವುದು. ಲೆಕ್ಕ, ವಿಮೆ, ಔಷಧಿ, ಆಸ್ಪತ್ರೆ ನನ್ನದು. ದಿನದ ಅನ್ನ ನೀರು, ಮಾತುಕತೆ ಊರಿನದು. ಪಾಳಿಯಲ್ಲಿರುವ ಮನೆಯವರಲ್ಲಿ ಯಾರಿಗಾದರೂ ಶಿವಮೊಗ್ಗದಲ್ಲಿ ಆಸ್ಪತ್ರೆ, ಆಫೀಸು ಕೆಲಸ ಇದ್ದರೆ ಅವರು ನಮ್ಮ ಮನೆಯಲ್ಲೇ ಉಳಿಯುತ್ತಾರೆ, ಜೊತೆಗೆ ನಾನು ಓಡಾಡುತ್ತೇನೆ. ಅದು ನನ್ನ ಮುಯ್ಯಿ.

ಹಳ್ಳದಾಚೆಯ ಇನ್ನೊಂದು ಮನೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 17 ವರ್ಷದ ಹುಡುಗಿ ಇದ್ದಾಳೆ. ಅವಳಿಗೆ 18 ಆಗುವವರೆಗೆ ತಂದೆ ತಾಯಿಯೇ ಪೋಷಕರು. ಈಗಲೇ ಯುಡಿಐಡಿ, ನಿರಾಮಯ ಎರಡನ್ನೂ ಮಾಡಿಸಿ ಇಟ್ಟುಕೊಂಡರೆ 18 ತುಂಬಿದ ಕೂಡಲೇ ಅರ್ಜಿ ಹಾಕಬಹುದು. ಅವಳ ಅಮ್ಮನ ಜೊತೆ ಕಾಗದ ಪತ್ರ ಜೋಡಿಸುತ್ತಿದ್ದೇವೆ. ನಮ್ಮಲ್ಲಿ ಇನ್ನೂ ಬಗೆಹರಿಯದೆ ಉಳಿದಿರೋದು ರಾತ್ರಿಯ ಪಾಳಿ. ಮೇಲಿನಮನೆ ಭಾವನಿಗೂ ಅರವತ್ತು ದಾಟಿತು, ದಿನಾ ರಾತ್ರಿ ಸಂಕ ದಾಟಿ ಬರುವುದು ಮಳೆಗಾಲದಲ್ಲಿ ಸರಿಯಲ್ಲ. ಈ ಎರಡು ಮನೆ ಮತ್ತು ಒಬ್ಬಂಟಿ ಹಿರಿಯರಿರುವ ಇನ್ನೆರಡು ಮನೆಗಳಿಗೆ ಸೇರಿ ರಾತ್ರಿಗೆ ಒಬ್ಬರನ್ನು ನೇಮಿಸಲು ಪಂಚಾಯಿತಿ ಸ್ವಲ್ಪ ಹಣ ಕೊಡಬಹುದಾ ಅಂತ ಬರುವ ಗ್ರಾಮಸಭೆಯಲ್ಲಿ ಕೇಳುತ್ತೇವೆ. ಅರ್ಜಿಗೆ ಸಂಘದವರೆಲ್ಲ ಸಹಿ ಹಾಕಿದ್ದಾರೆ. ಅಮ್ಮನೂ ಬರುತ್ತಾಳಂತೆ, ಜೀಪಿಗೆ ಹೇಳಿಯಾಗಿದೆ.